ಖದೀಜಾ(ರ)ರನ್ನು ಮರೆಯದ ಮನೆ



ನಿಮ್ಮ ಮನೆಯಲ್ಲಿ ಈ ದಿನ ಯಾರು ಯಾರಿಗೆ ಕೃತಜ್ಞತೆ ಸಲ್ಲಿಸಿದರು? ಸ್ವಲ್ಪ ಯೋಚಿಸಿ ನೋಡಿ. ಬಸ್ಸಿನಲ್ಲಿ ಅಪರಿಚಿತನೊಬ್ಬ ಎದ್ದು ಜಾಗ ಕೊಟ್ಟರೆ ನಾವು ತಕ್ಷಣ ಒಂದು ಒಳ್ಳೆಯ ಮಾತನ್ನಾಡುತ್ತೇವೆ. ಅಂಗಡಿಯವನು ಮರೆತು ಬಿಟ್ಟ ಛತ್ರಿಯನ್ನು ಕೂಗಿ ಕರೆದು ಕೊಟ್ಟರೆ ಅವನನ್ನು ಹೊಗಳುತ್ತೇವೆ. ಆದರೆ ರಮಝಾನಿನಲ್ಲಿ ಎಲ್ಲರಿಗಿಂತ ಮೊದಲೆದ್ದು ಸಹ್ರಿ ಸಿದ್ಧಪಡಿಸುವವಳಿಗೆ, ಬಿಸಿಲಲ್ಲಿ ದುಡಿದು ತಂದು ಹಾಕುವವನಿಗೆ, ನಮಗಾಗಿ ಕಣ್ಣಿನ ಬೆಳಕನ್ನೇ ಸವೆಸಿದ ತಾಯಿಗೆ ಒಂದು ಮಾತು ಹೇಳಲು ನಮ್ಮ ನಾಲಿಗೆ ಏಳುವುದಿಲ್ಲ. ಮನೆಯವರು ತಾನೇ, ಅವರಿಗೆ ಗೊತ್ತಿಲ್ಲವೇ ಎಂದು ಸುಮ್ಮನಾಗುತ್ತೇವೆ.

ಒಮ್ಮೆ ನಾನು ಮದ್ರಸದ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಸಂಜೆ ಮನೆಗೆ ಹೋಗಿ, ತಾಯಿ ಊಟ ಬಡಿಸಿದಾಗ ಜಝಾಕಿಲ್ಲಾಹು ಖೈರನ್ ಎಂದು ಹೇಳಿ ಬರಬೇಕೆಂದು. ಮರುದಿನ ಹುಡುಗನೊಬ್ಬ ನಗುತ್ತಾ ಬಂದ. ಅವನು ಹಾಗೆ ಹೇಳಿದ್ದೇ ತಡ, ಏನನ್ನು ಒಡೆದು ಹಾಕಿ ಬಂದೆ ಎಂದು ತಾಯಿ ವಿಚಾರಿಸಿದರಂತೆ! ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಮರಳುವಾಗ ಆ ನಗು ಉಳಿಯಲಿಲ್ಲ. ಮಗನ ಬಾಯಿಂದ ಒಂದು ಕೃತಜ್ಞತೆಯ ಮಾತು ಬಂದರೆ ತಾಯಿಗೆ ಸಂಶಯ ಹುಟ್ಟುವಷ್ಟು ಆ ಮಾತು ನಮ್ಮ ಮನೆಗಳಲ್ಲಿ ಅಪರೂಪವಾಗಿದೆ. ನನ್ನ ಮನೆಯೂ ಅದಕ್ಕೆ ಹೊರತಾಗಿರಲಿಲ್ಲ.

ಆ ದಿನದಿಂದ ನನ್ನ ಮನಸ್ಸಿನಲ್ಲಿ ಒಂದು ಜೀವನ ಚರಿತ್ರೆ ಮತ್ತೆ ಮತ್ತೆ ಸುಳಿಯುತ್ತಿದೆ. ಅದು ಸತ್ಯವಿಶ್ವಾಸಿಗಳ ಮಾತೆ ಹ. ಖದೀಜಾ(ರ)ರ ಜೀವನ. ಆ ಚರಿತ್ರೆಯನ್ನು ನೀವು ಹಲವು ಬಾರಿ ಕೇಳಿರುತ್ತೀರಿ. ಈ ಬಾರಿ ಒಂದೇ ಪ್ರಶ್ನೆಯನ್ನಿಟ್ಟುಕೊಂಡು ಅದನ್ನು ನನ್ನೊಂದಿಗೆ ಓದಿರಿ: ಆ ದಾಂಪತ್ಯದಲ್ಲಿ ಒಬ್ಬರು ಮಾಡಿದ ಒಳಿತನ್ನು ಇನ್ನೊಬ್ಬರು ಹೇಗೆ ನೆನಪಿಟ್ಟರು, ಹೇಗೆ ಬಾಯಿಬಿಟ್ಟು ಹೇಳಿದರು?

ವ್ಯಾಪಾರದಿಂದ ವಿವಾಹಕ್ಕೆ

ಖುವೈಲಿದ್‌ರ ಪುತ್ರಿ ಖದೀಜಾ(ರ) ಮಕ್ಕಾದ ಕುರೈಶ್ ಗೋತ್ರದ ಅಸದ್ ಮನೆತನದವರು. ಎರಡು ಬಾರಿ ವಿವಾಹವಾಗಿ ವಿಧವೆಯಾಗಿದ್ದರು. ದುಃಖದಲ್ಲಿ ಮೂಲೆ ಹಿಡಿದು ಕುಳಿತವರಲ್ಲ. ಸಿರಿಯಾಕ್ಕೆ ಹೋಗುವ ವರ್ತಕ ತಂಡಗಳೊಂದಿಗೆ ತಮ್ಮ ಸರಕನ್ನು ಕಳುಹಿಸಿ, ಲಾಭದಲ್ಲಿ ಪಾಲು ಕೊಟ್ಟು ಪುರುಷರಿಂದ ವ್ಯಾಪಾರ ಮಾಡಿಸುತ್ತಿದ್ದರು. ಅಜ್ಞಾನ ಕಾಲದ ಆ ಸಮಾಜದಲ್ಲೂ ಜನರು ಅವರನ್ನು ತಾಹಿರಾ, ಅಂದರೆ ಪರಿಶುದ್ಧೆ ಎಂಬ ಹೆಸರಿನಿಂದ ಗೌರವಿಸುತ್ತಿದ್ದರು.

ಮುಹಮ್ಮದ್(ಸ)ರು ಆಗ ಅಬೂತಾಲಿಬರ ಆಶ್ರಯದಲ್ಲಿ ಬೆಳೆದ ಅನಾಥ ಯುವಕ. ಕೈಯಲ್ಲಿ ಹಣವಿರಲಿಲ್ಲ. ಆದರೆ ಅಮೀನ್ ಎಂಬ ಹೆಸರಿತ್ತು. ಆ ಪ್ರಾಮಾಣಿಕತೆಯ ಸುದ್ದಿ ಕೇಳಿ ಖದೀಜಾ(ರ) ತಮ್ಮ ಸರಕನ್ನು ಅವರಿಗೆ ಒಪ್ಪಿಸಿ, ಜೊತೆಗೆ ಸೇವಕ ಮೈಸರಾನನ್ನು ಕಳುಹಿಸಿದರು. ಪ್ರಯಾಣ ಮುಗಿಸಿ ಬಂದ ಮೈಸರಾ ಲಾಭದ ಲೆಕ್ಕದ ಜೊತೆಗೆ ಆ ಯುವಕರ ನಡೆನುಡಿಯ ವರ್ಣನೆಯನ್ನೂ ತಂದನು. ಖದೀಜಾ(ರ)ರ ಮನಸ್ಸಿನಲ್ಲಿ ಲಾಭಕ್ಕಿಂತ ಆ ನಡೆನುಡಿಯೇ ನಿಂತಿತು. ನಫೀಸಾ ಎಂಬ ಮಹಿಳೆಯ ಮೂಲಕ ವಿವಾಹ ಪ್ರಸ್ತಾಪ ಹೋಯಿತು. ಸುಮಾರು ಕ್ರಿ.ಶ. 595ರಲ್ಲಿ ವಿವಾಹ ನೆರವೇರಿತು. ವರನಿಗೆ 25 ವರ್ಷ. ವಧುವಿಗೆ ಪ್ರಸಿದ್ಧ ಅಭಿಪ್ರಾಯದಂತೆ 40 ವರ್ಷ.

ಆ ಮನೆಯಲ್ಲಿ ಝೈನಬ್, ರುಕಯ್ಯಾ, ಉಮ್ಮು ಕುಲ್ಸೂಮ್ ಮತ್ತು ಫಾತಿಮಾ(ರ) ಎಂಬ ನಾಲ್ವರು ಪುತ್ರಿಯರು ಬೆಳೆದರು. ಕಾಸಿಮ್ ಮತ್ತು ಅಬ್ದುಲ್ಲಾ ಎಂಬ ಪುತ್ರರು ಶೈಶವದಲ್ಲೇ ತೀರಿಕೊಂಡರು. ಗುಲಾಮನಾಗಿ ಬಂದ ಝೈದ್(ರ)ರು ಅಲ್ಲಿ ಮಗನಂತೆ ಉಳಿದರು. ಅಬೂತಾಲಿಬರ ಹೊರೆ ಇಳಿಸಲು ಕರೆತಂದ ಬಾಲಕ ಅಲೀ(ರ)ಯವರೂ ಅದೇ ಸೂರಿನಡಿ ಬೆಳೆದರು. ಸಂಪತ್ತು ಪತ್ನಿಯದ್ದು. ಆದರೆ ಅದರ ಹಂಗನ್ನು ಆಕೆ ಎಂದೂ ಆಡಿ ತೋರಿಸಿದವರಲ್ಲ.

ಹಿರಾದಿಂದ ಮರಳಿದಾಗ

ಹದಿನೈದು ವರ್ಷಗಳು ಕಳೆದವು. ಕ್ರಿ.ಶ. 610ರ ರಮಝಾನಿನಲ್ಲಿ ಹಿರಾ ಗುಹೆಯಲ್ಲಿ ಪ್ರಥಮ ದಿವ್ಯವಾಣಿ ಅವತೀರ್ಣವಾಯಿತು. ಪ್ರವಾದಿವರ್ಯರು(ಸ) ನಡುಗುತ್ತಾ ಮನೆಗೆ ಬಂದು ತಮಗೆ ಹೊದಿಸಲು ಹೇಳಿದರು. ಕಂಪನ ಇಳಿದ ಬಳಿಕ ನಡೆದುದನ್ನೆಲ್ಲ ತಿಳಿಸಿ, ತಮ್ಮ ಜೀವದ ಬಗ್ಗೆಯೇ ತಮಗೆ ಭಯವಾಗುತ್ತಿದೆ ಎಂದರು.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿರಿ. ಇಂತಹ ಸಂದರ್ಭದಲ್ಲಿ ನಾವಾಗಿದ್ದರೆ ಏನು ಹೇಳುತ್ತಿದ್ದೆವು? ಗುಹೆಗೆ ಹೋಗಬೇಡಿರೆಂದು ಮೊದಲೇ ಹೇಳಿರಲಿಲ್ಲವೇ ಎನ್ನುತ್ತಿದ್ದೆವೋ ಏನೋ. ಖದೀಜಾ(ರ) ಪತಿಯ ಒಳಿತುಗಳನ್ನು ಒಂದೊಂದಾಗಿ ಎಣಿಸತೊಡಗಿದರು. ಅವರು ಬಂಧುಗಳೊಂದಿಗೆ ಸಂಬಂಧ ಕಾಪಾಡುವವರು, ಅಸಹಾಯಕರ ಹೊರೆ ಹೊರುವವರು, ಇಲ್ಲದವರಿಗೆ ದುಡಿದು ಕೊಡುವವರು, ಅತಿಥಿಗಳನ್ನು ಸತ್ಕರಿಸುವವರು, ಆಪತ್ತಿನಲ್ಲಿ ಸಿಲುಕಿದವರಿಗೆ ನೆರವಾಗುವವರು ಎಂದು ನೆನಪಿಸಿ, ಇಂತಹವರನ್ನು ಅಲ್ಲಾಹನು ಎಂದಿಗೂ ಅಪಮಾನಕ್ಕೆ ಗುರಿಪಡಿಸಲಾರನೆಂದು ಧೈರ್ಯ ಹೇಳಿದರು. ಬಳಿಕ ತಮ್ಮ ದೊಡ್ಡಪ್ಪನ ಮಗನಾದ ವೃದ್ಧ ವರಕಾ ಬಿನ್ ನೌಫಲ್‌ರ ಬಳಿಗೆ ಕರೆದೊಯ್ದರು.

ಈ ಪಟ್ಟಿ ಆ ಕ್ಷಣದಲ್ಲಿ ಹುಟ್ಟಿದ್ದಲ್ಲ. ಹದಿನೈದು ವರ್ಷ ಪತಿಯ ಒಳಿತನ್ನು ಗಮನಿಸಿ ಕೂಡಿಟ್ಟ ಹೃದಯಕ್ಕೆ ಮಾತ್ರ ಅದು ಸಾಧ್ಯ. ಪತಿಯ ತಪ್ಪುಗಳ ಲೆಕ್ಕ ಇಟ್ಟವಳ ಬಳಿ ಕಷ್ಟದ ಗಳಿಗೆಯಲ್ಲಿ ತಪ್ಪುಗಳೇ ಇರುತ್ತವೆ. ಪತ್ನಿಯ ಕೊರತೆಗಳನ್ನು ಎಣಿಸಿದವನ ಬಳಿ ಕೊರತೆಗಳೇ ಇರುತ್ತವೆ. ಒಳಿತನ್ನು ಗುರುತಿಸುವ ಅಭ್ಯಾಸ ಸುಖದ ದಿನಗಳ ಅಲಂಕಾರವಲ್ಲ. ಅದು ಸಂಕಟದ ದಿನಕ್ಕೆ ಕೂಡಿಟ್ಟ ಬುತ್ತಿ.

ಕಣಿವೆಯ ಮೂರು ವರ್ಷ

ಪ್ರವಾದಿವರ್ಯರ(ಸ) ಮೇಲೆ ಪ್ರಪ್ರಥಮವಾಗಿ ವಿಶ್ವಾಸವಿರಿಸಿದವರು ಖದೀಜಾ(ರ). ವಿರೋಧ ಹೆಚ್ಚಿದಂತೆ ಅವರ ವ್ಯಾಪಾರ, ಸಂಪತ್ತು, ನೆಮ್ಮದಿ ಎಲ್ಲವೂ ಆ ಮಾರ್ಗದಲ್ಲಿ ಖರ್ಚಾದವು. ಪ್ರವಾದಿತ್ವದ 7ನೇ ವರ್ಷದಲ್ಲಿ ಕುರೈಶರು ಹಾಶಿಮ್ ಮನೆತನವನ್ನು ಬಹಿಷ್ಕರಿಸಿ, ಕೊಡುಕೊಳ್ಳುವಿಕೆ ಹಾಗೂ ವಿವಾಹ ಸಂಬಂಧಗಳೆಲ್ಲವನ್ನೂ ನಿಲ್ಲಿಸಿದರು. ಅಬೂತಾಲಿಬರ ಕಣಿವೆಯಲ್ಲಿ ಸುಮಾರು ಮೂರು ವರ್ಷ ಹಸಿವಿನ ಬದುಕು. ಒಂದು ಕಾಲದಲ್ಲಿ ಒಂಟೆಗಳ ಸಾಲನ್ನೇ ಕಳುಹಿಸುತ್ತಿದ್ದ ಮಹಿಳೆಗೆ ಅಣ್ಣನ ಮಗ ಹಕೀಮ್ ಬಿನ್ ಹಿಝಾಮ್ ಗೋಧಿ ತಲುಪಿಸಬೇಕಾಯಿತು. ಅದನ್ನೂ ಅಬೂಜಹಲ್ ದಾರಿಯಲ್ಲಿ ತಡೆದು ಜಗಳವಾಡಿದನು.

ಇಷ್ಟು ತ್ಯಾಗ ಮಾಡಿದವರಿಗೆ ಬದುಕಿರುವಾಗಲೇ ಒಂದು ಮನ್ನಣೆ ಬಂದಿತು. ಅದು ಆಕಾಶದಿಂದ ಬಂದುದು. ಖದೀಜಾ(ರ) ಪಾತ್ರೆಯಲ್ಲಿ ಆಹಾರ ಹಿಡಿದು ಪತಿಯ ಬಳಿಗೆ ಬರುತ್ತಿದ್ದಾಗ ಜಿಬ್ರೀಲ್(ಅ) ಬಂದು, ಅವರಿಗೆ ಅವರ ಪ್ರಭುವಿನ ಕಡೆಯಿಂದಲೂ ತಮ್ಮ ಕಡೆಯಿಂದಲೂ ಸಲಾಮ್ ತಿಳಿಸಬೇಕೆಂದೂ, ಗದ್ದಲವಾಗಲಿ ದಣಿವಾಗಲಿ ಇಲ್ಲದ ಮುತ್ತಿನ ಮನೆಯೊಂದು ಸ್ವರ್ಗದಲ್ಲಿದೆಯೆಂಬ ಶುಭವಾರ್ತೆ ಕೊಡಬೇಕೆಂದೂ ಪ್ರವಾದಿವರ್ಯರಿಗೆ(ಸ) ಹೇಳಿದರು. ಪತಿಯ ಎದುರು ದನಿಯೆತ್ತದೆ, ಅವರಿಗೆ ದಣಿವಾಗಲು ಬಿಡದೆ ಬಾಳಿದುದಕ್ಕೆ ಗದ್ದಲವೂ ದಣಿವೂ ಇಲ್ಲದ ಮನೆ ತಕ್ಕ ಪ್ರತಿಫಲವೆಂದು ವಿದ್ವಾಂಸರು ವಿವರಿಸಿದ್ದಾರೆ. ಆಹಾರ ತರುವ ಹೊತ್ತಿನಲ್ಲಿ ಬಂದ ಸಲಾಮ್ ಅದು ಎಂಬುದನ್ನು ನೆನಪಿಡಿರಿ. ನಮ್ಮಲ್ಲಿ ಹೆಚ್ಚಿನವರು ತಟ್ಟೆ ತಂದವರ ಮುಖವನ್ನೂ ನೋಡುವುದಿಲ್ಲ.

ಬಹಿಷ್ಕಾರ ಮುಗಿದ ಕೆಲವೇ ಸಮಯದಲ್ಲಿ, ಕ್ರಿ.ಶ. 619ರ ರಮಝಾನಿನಲ್ಲಿ ಖದೀಜಾ(ರ) ಇಹಲೋಕ ತ್ಯಜಿಸಿದರು. ಪ್ರವಾದಿವರ್ಯರು(ಸ) ಸ್ವತಃ ಗೋರಿಗಿಳಿದು ಮಕ್ಕಾದ ಹಜೂನ್‌ನಲ್ಲಿ ಅವರನ್ನು ದಫನ ಮಾಡಿದರು. ಅದೇ ವರ್ಷ ಅಬೂತಾಲಿಬರೂ ಅಗಲಿದರು. ಇತಿಹಾಸವು ಅದನ್ನು ದುಃಖದ ವರ್ಷವೆಂದು ಕರೆಯಿತು. ಸುಮಾರು 25 ವರ್ಷಗಳ ಆ ದಾಂಪತ್ಯದಲ್ಲಿ ಖದೀಜಾ(ರ) ಜೀವಂತವಿರುವವರೆಗೆ ಪ್ರವಾದಿವರ್ಯರು(ಸ) ಇನ್ನೊಂದು ವಿವಾಹವಾಗಲಿಲ್ಲ.

ಮದೀನಾದ ಮನೆಯಲ್ಲಿ

ಸಾಮಾನ್ಯವಾಗಿ ಜೀವನ ಚರಿತ್ರೆ ಮರಣದೊಂದಿಗೆ ಮುಗಿಯುತ್ತದೆ. ಆದರೆ ನಾವು ಹುಡುಕುತ್ತಿರುವ ಪಾಠದ ಅರ್ಧಭಾಗ ಇಲ್ಲಿಂದ ಆರಂಭವಾಗುತ್ತದೆ.

ಮದೀನಾದಲ್ಲಿ ಹೊಸ ಸಮಾಜ, ಹೊಸ ಹೊಣೆ, ಹೊಸ ಸಂಸಾರ. ಆದರೂ ಮನೆಯಲ್ಲಿ ಕುರಿ ಕೊಯ್ದಾಗಲೆಲ್ಲ ಪ್ರವಾದಿವರ್ಯರು(ಸ) ಅದರ ಪಾಲನ್ನು ಖದೀಜಾ(ರ)ರ ಗೆಳತಿಯರಿಗೆ ಕಳುಹಿಸುತ್ತಿದ್ದರು. ಒಮ್ಮೆ ಖದೀಜಾ(ರ)ರ ಸಹೋದರಿ ಹಾಲಾ ಬಾಗಿಲಲ್ಲಿ ನಿಂತು ಒಳಬರಲು ಅನುಮತಿ ಕೇಳಿದರು. ಆ ದನಿ ಅಕ್ಕನ ದನಿಯನ್ನೇ ಹೋಲುತ್ತಿತ್ತು. ಅದನ್ನು ಕೇಳಿ ಪ್ರವಾದಿವರ್ಯರ(ಸ) ಹೃದಯ ಕಲಕಿತು. ಹಾಲಾ ಬಂದಿರಲಿ ಎಂದು ಅವರು ಹಾರೈಸಿದರು.

ಅದೇ ಮನೆಯಲ್ಲಿದ್ದ ಹ. ಆಯಿಶಾ(ರ)ರಿಗೆ ಇದು ಸುಲಭವಾಗಿರಲಿಲ್ಲ. ತಾನು ಕಂಡೇ ಇಲ್ಲದ ಖದೀಜಾ(ರ)ರ ಬಗ್ಗೆ ಉಂಟಾದಷ್ಟು ಮತ್ಸರ ಬೇರಾವ ಸ್ತ್ರೀಯ ಬಗ್ಗೆಯೂ ತನಗೆ ಉಂಟಾಗಿರಲಿಲ್ಲವೆಂದು ಅವರೇ ಹೇಳಿದ್ದಾರೆ. ಒಮ್ಮೆ ಆ ಮತ್ಸರ ಮಾತಾಗಿ ಹೊರಬಂದಿತು. ಹಲ್ಲುದುರಿದ ಆ ಮುದುಕಿಯ ನೆನಪೇಕೆ, ಅವರಿಗಿಂತ ಉತ್ತಮರನ್ನು ಅಲ್ಲಾಹನು ಕೊಟ್ಟಿಲ್ಲವೇ ಎಂಬರ್ಥದ ಮಾತು ಅದು. ಆಗ ಪ್ರವಾದಿವರ್ಯರು(ಸ) ಖದೀಜಾ(ರ)ರ ಒಳಿತುಗಳನ್ನು ಎಣಿಸಿದರು. ಜನರು ನಿರಾಕರಿಸಿದಾಗ ನಂಬಿದವರು ಅವರು. ಜನರು ಸುಳ್ಳಾಗಿಸಿದಾಗ ಸತ್ಯವೆಂದು ಸಾರಿದವರು ಅವರು. ಜನರು ಕೈಬಿಟ್ಟಾಗ ಸಂಪತ್ತನ್ನಿತ್ತು ಆದರಿಸಿದವರು ಅವರು. ಅಲ್ಲಾಹನು ಮಕ್ಕಳನ್ನು ದಯಪಾಲಿಸಿದ್ದೂ ಅವರ ಮೂಲಕ.

ಗಮನಿಸಿದಿರಾ? ಹಿರಾದಿಂದ ಮರಳಿದ ದಿನ ಪತ್ನಿ ಪತಿಯ ಒಳಿತುಗಳನ್ನು ಒಂದೊಂದಾಗಿ ಎಣಿಸಿದ್ದರು. ಆಕೆ ಮಣ್ಣಾಗಿ ವರ್ಷಗಳು ಕಳೆದ ಮೇಲೆ ಪತಿ ಆಕೆಯ ಒಳಿತುಗಳನ್ನು ಒಂದೊಂದಾಗಿ ಎಣಿಸಿದರು. ಅಂದು ಕೊಟ್ಟದ್ದು ಇಂದು ಮರಳಿತು, ಕೇಳಲು ಆಕೆ ಇಲ್ಲದಿದ್ದರೂ.

ಹಾಗೆಂದು ಆ ಕೃತಜ್ಞತೆ ಆಯಿಶಾ(ರ)ರ ಪಾಲಿನ ಪ್ರೀತಿಯನ್ನು ಕಡಿಮೆ ಮಾಡಿತೇ? ಇಲ್ಲ. ಅತ್ಯಂತ ಪ್ರಿಯರು ಯಾರೆಂದು ಅಮ್ರ್ ಬಿನ್ ಆಸ್(ರ) ವಿಚಾರಿಸಿದಾಗ ಪ್ರವಾದಿವರ್ಯರು(ಸ) ಸಂಕೋಚವಿಲ್ಲದೆ ಆಯಿಶಾ(ರ)ರ ಹೆಸರನ್ನೇ ಹೇಳಿದ್ದರು. ತಾಯಿಯನ್ನು ಹೊಗಳಿದರೆ ಪತ್ನಿಗೆ ಕಡಿಮೆಯಾಗುವುದೆಂದು, ಪತ್ನಿಯನ್ನು ಹೊಗಳಿದರೆ ತಾಯಿಗೆ ನೋವಾಗುವುದೆಂದು ಇಬ್ಬರ ಮುಂದೆಯೂ ಬಾಯಿ ಮುಚ್ಚಿಕೊಂಡಿರುವ ಪುರುಷರು ಇದನ್ನು ಯೋಚಿಸಲಿ. ಕೃತಜ್ಞತೆ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಸಾಲದಾಗುವ ವಸ್ತುವಲ್ಲ.

ಇದಕ್ಕಿಂತಲೂ ಸುಂದರವಾದ ವಿಷಯವೊಂದಿದೆ. ಕುರಿಯ ಪಾಲು, ಹಾಲಾರ ದನಿ, ಆ ಪ್ರಶಂಸೆಯ ಮಾತುಗಳು ನಮಗೆ ತಲುಪಿದ್ದು ಯಾರಿಂದ? ಆಯಿಶಾ(ರ)ರಿಂದಲೇ. ತನ್ನ ಮತ್ಸರವನ್ನೂ ಮರೆಮಾಚದೆ, ಖದೀಜಾ(ರ)ರ ಹಿರಿಮೆಯನ್ನೂ ಮರೆಮಾಚದೆ ಅವರು ಸಮುದಾಯಕ್ಕೆ ಒಪ್ಪಿಸಿದರು. ಕೃತಜ್ಞತೆಯನ್ನು ದಿನನಿತ್ಯ ಕೇಳುತ್ತಾ ಬಾಳಿದವರ ಸತ್ಯಸಂಧತೆ ಇದು.

ಒಂದು ಹಾರದ ಕಥೆ

ಕ್ರಿ.ಶ. 624ರಲ್ಲಿ ಬದ್ರ್ ಯುದ್ಧ ನಡೆಯಿತು. ಸೆರೆಸಿಕ್ಕ ಮಕ್ಕಾದವರಲ್ಲಿ ಅಬುಲ್ ಆಸ್ ಎಂಬವರೂ ಇದ್ದರು. ಅವರು ಹಾಲಾರ ಮಗ, ಪ್ರವಾದಿವರ್ಯರ(ಸ) ಹಿರಿಯ ಮಗಳು ಝೈನಬ್(ರ)ರ ಪತಿ. ಅವರಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಪತಿಯ ಬಿಡುಗಡೆಗಾಗಿ ಮಕ್ಕಾದಿಂದ ಝೈನಬ್(ರ) ಕಳುಹಿಸಿದ ಹಣದೊಂದಿಗೆ ಒಂದು ಹಾರವಿತ್ತು. ಅದು ಅವರ ವಿವಾಹದಂದು ತಾಯಿ ಖದೀಜಾ(ರ) ಕೊಟ್ಟಿದ್ದ ಹಾರ.

ಅದನ್ನು ಕಂಡೊಡನೆ ಪ್ರವಾದಿವರ್ಯರು(ಸ) ಬಹಳವಾಗಿ ಮರುಗಿದರು. ಆದರೆ ನಾಯಕರೆಂಬ ಕಾರಣಕ್ಕೆ ಅದನ್ನು ಮರಳಿಸಲು ಆಜ್ಞಾಪಿಸಲಿಲ್ಲ. ಪರಿಹಾರ ಧನದಲ್ಲಿ ಎಲ್ಲರ ಹಕ್ಕಿತ್ತು. ಆದ್ದರಿಂದ ಸಹಾಬಿಗಳು ಒಪ್ಪುವುದಾದರೆ ಕೈದಿಯನ್ನು ಬಿಟ್ಟು, ಆಕೆಯ ವಸ್ತುವನ್ನು ಆಕೆಗೆ ಮರಳಿಸಬಹುದೆಂದು ಕೇಳಿಕೊಂಡರು. ಅವರು ಸಂತೋಷದಿಂದ ಒಪ್ಪಿದರು. ಹಾರ ಮಗಳ ಕೊರಳಿಗೆ ಮರಳಿತು. ಝೈನಬ್(ರ)ರನ್ನು ಮದೀನಾಕ್ಕೆ ಕಳುಹಿಸಿಕೊಡುವೆನೆಂದು ಕೊಟ್ಟ ಮಾತನ್ನು ಅಬುಲ್ ಆಸ್ ಪಾಲಿಸಿದರು. ಮುಂದೆ ಅವರೂ ಇಸ್ಲಾಮ್ ಸ್ವೀಕರಿಸಿದರು.

ಶುಕ್ರ್ ಎಂದರೆ ತೆರೆದು ತೋರಿಸುವುದು

ಶುಕ್ರ್ ಎಂಬ ಅರಬಿ ಪದದ ಬಗ್ಗೆ ಭಾಷಾ ವಿದ್ವಾಂಸರು ಒಂದು ಸೂಕ್ಷ್ಮವನ್ನು ಹೇಳುತ್ತಾರೆ. ಶುಕ್ರ್ ಎಂದರೆ ಪಡೆದ ಅನುಗ್ರಹವನ್ನು ಮನದಲ್ಲಿ ತಂದು ಅದನ್ನು ಪ್ರಕಟಪಡಿಸುವುದು. ಅದರ ವಿರುದ್ಧ ಪದ ಕುಫ್ರ್. ಕುಫ್ರ್‌ನ ಮೂಲಾರ್ಥ ಮುಚ್ಚುವುದು. ನಮ್ಮ ಕನ್ನಡದಲ್ಲಿ ಬಳಕೆಯಲ್ಲಿರುವ ಕೃತಜ್ಞ ಎಂಬ ಪದಕ್ಕೆ ಮಾಡಿದ್ದನ್ನು ಬಲ್ಲವನು ಎಂದರ್ಥ. ಕೃತಘ್ನ ಎಂದರೆ ಮಾಡಿದ್ದನ್ನು ಕೊಲ್ಲುವವನು. ಎರಡು ಭಾಷೆಗಳನ್ನೂ ಕೂಡಿಸಿ ನೋಡಿದರೆ ಪಾಠ ಪೂರ್ಣವಾಗುತ್ತದೆ. ಮಾಡಿದ ಒಳಿತನ್ನು ಬಲ್ಲವನಾಗಿರಬೇಕು, ಮತ್ತು ಬಲ್ಲದ್ದನ್ನು ತೆರೆದು ತೋರಿಸಬೇಕು. ಮನದಲ್ಲಿ ಇದೆ, ಹೇಳಬೇಕೆಂದಿಲ್ಲ ಎನ್ನುವುದು ಅರ್ಧ ಶುಕ್ರ್ ಮಾತ್ರ.

ಶುಕ್ರ್ ಹೃದಯದಿಂದ, ನಾಲಿಗೆಯಿಂದ ಮತ್ತು ಅಂಗಾಂಗಗಳಿಂದ ಆಗಬೇಕೆಂದು ವಿದ್ವಾಂಸರು ಕಲಿಸಿದ್ದಾರೆ. ಹಾರ ಕಂಡು ಮರುಗಿದ್ದು ಹೃದಯದ ಶುಕ್ರ್. ಒಳಿತುಗಳನ್ನು ಎಣಿಸಿ ಹೇಳಿದ್ದು ನಾಲಿಗೆಯ ಶುಕ್ರ್. ಗೆಳತಿಯರಿಗೆ ಕಳುಹಿಸಿದ ಮಾಂಸ ಕೈಗಳ ಶುಕ್ರ್. ಪವಿತ್ರ ಕುರ್‌ಆನಿನ ಅದ್ದುಹಾ ಅಧ್ಯಾಯವು ಪ್ರವಾದಿವರ್ಯರು(ಸ) ಬಡವರಾಗಿದ್ದಾಗ ಅಲ್ಲಾಹನು ಸಂಪನ್ನಗೊಳಿಸಿದುದನ್ನು ನೆನಪಿಸುತ್ತದೆ. ಅಲ್ಲಿ ವ್ಯಾಖ್ಯಾನಕಾರರು ಖದೀಜಾ(ರ)ರ ಸಂಪತ್ತನ್ನು ಪ್ರಸ್ತಾಪಿಸುತ್ತಾರೆ. ಆ ಅಧ್ಯಾಯ ಕೊನೆಗೊಳ್ಳುವುದೇ ಪ್ರಭುವಿನ ಅನುಗ್ರಹದ ಬಗ್ಗೆ ಮಾತನಾಡಬೇಕೆಂಬ ಆದೇಶದೊಂದಿಗೆ. ಜನರಿಗೆ ಕೃತಜ್ಞತೆ ತೋರದವನು ಅಲ್ಲಾಹನಿಗೂ ಕೃತಜ್ಞನಾಗಲಾರನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ನಮಾಝ್‌ನ ಚಾಪೆಯ ಮೇಲೆ ಅಲ್‌ಹಮ್ದುಲಿಲ್ಲಾಹ್ ಎನ್ನುವ ನಾಲಿಗೆ ಚಾಪೆ ಮಡಚಿ ಎದ್ದ ಮೇಲೆ ಮನೆಯವರ ಮುಂದೆ ಮೂಕವಾಗುವುದು ಸರಿಯೇ?

ಈ ಮೌನದ ಕಾರಣವನ್ನು ಆಧುನಿಕ ಮನಃಶಾಸ್ತ್ರಜ್ಞರೂ ಪರಿಶೀಲಿಸಿದ್ದಾರೆ. 2018ರಲ್ಲಿ ಅಮೆರಿಕದ ಅಮಿತ್ ಕುಮಾರ್ ಮತ್ತು ನಿಕೊಲಾಸ್ ಎಪ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಂದ ತಮಗೆ ಉಪಕಾರ ಮಾಡಿದವರಿಗೆ ಕೃತಜ್ಞತೆಯ ಪತ್ರ ಬರೆಸಲಾಯಿತು. ಪತ್ರ ಓದುವವರಿಗೆ ಮುಜುಗರವಾದೀತೆಂದು ಬರೆದವರು ಅತಿಯಾಗಿ ಅಂಜಿದ್ದರು. ವಾಸ್ತವದಲ್ಲಿ ಪತ್ರ ಪಡೆದವರಿಗೆ ಬರೆದವರು ಊಹಿಸಿದ್ದಕ್ಕಿಂತ ಹೆಚ್ಚು ಸಂತೋಷವಾಗಿತ್ತು. ಬರೆದವರ ಮನಸ್ಸೂ ಹಗುರಾಗಿತ್ತು. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ತಮಗಾದ ಒಳಿತುಗಳನ್ನು ಬರೆದಿಟ್ಟವರು ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ತೋರಿದ್ದರು. ಕೃತಜ್ಞರಾದರೆ ಇನ್ನಷ್ಟು ಹೆಚ್ಚಿಸಿ ಕೊಡುವೆನೆಂಬ ಅಲ್ಲಾಹನ ವಾಗ್ದಾನವನ್ನು ನಂಬಿದ ನಮಗೆ ಇದು ಅಚ್ಚರಿಯ ವಿಷಯವಲ್ಲ. ಅಚ್ಚರಿಯೆಂದರೆ, ನಂಬಿಯೂ ನಾವು ಬಾಯಿ ತೆರೆಯದಿರುವುದು.

ಇಂದೇ ಹೇಳಿಬಿಡಿ

ನಮ್ಮ ಧಾರ್ಮಿಕ ಸಭೆಗಳಲ್ಲಿ ಪತ್ನಿಯು ಪತಿಗೆ ಕೃತಜ್ಞಳಾಗಿರಬೇಕೆಂದು ಬೋಧಿಸುತ್ತೇವೆ. ಅದು ಸರಿಯೇ. ಆದರೆ ಪತಿಯು ಪತ್ನಿಗೆ ಸಲ್ಲಿಸಿದ ಕೃತಜ್ಞತೆಯ ಇಷ್ಟು ದೊಡ್ಡ ಮಾದರಿ ಪ್ರವಾದಿ ಜೀವನದಲ್ಲೇ ಇರುವಾಗ ಅದನ್ನು ಪುರುಷರಿಗೆ ಬೋಧಿಸುವವರು ವಿರಳ. ಕೊಲ್ಲಿ ರಾಷ್ಟ್ರದಿಂದ ಮನೆಗೆ ಫೋನ್ ಮಾಡುವ ಸಹೋದರರೇ, ಹಣ ತಲುಪಿತೇ ಎಂದು ಕೇಳಿದ ಬಳಿಕ, ನೀವಿಲ್ಲದ ಮನೆಯನ್ನು ನಡೆಸುತ್ತಿರುವವಳಿಗೆ ಒಂದು ಮಾತು ಹೇಳಿರಿ. ಆ ಹಣದಿಂದ ಸಂಸಾರ ಸಾಗಿಸುವ ಸಹೋದರಿಯರೇ, ಇನ್ನೂ ಬಂದಿಲ್ಲದ್ದರ ಪಟ್ಟಿ ಓದುವ ಮೊದಲು ಬಂದುದರ ಬಗ್ಗೆ ಒಂದು ಮಾತು ಹೇಳಿರಿ. ಬರಿದೇ ಧನ್ಯವಾದವೆನ್ನದೆ, ಏನು ಮಾಡಿದ್ದಕ್ಕೆ ಎಂದು ಹೆಸರಿಸಿ ಹೇಳಿರಿ. ಖದೀಜಾ(ರ)ರೂ ಹಾಗೆಯೇ ಹೇಳಿದರು, ಪ್ರವಾದಿವರ್ಯರೂ(ಸ) ಹಾಗೆಯೇ ಹೇಳಿದರು. ಸಂಬಂಧ ಮುರಿದು ಬೇರ್ಪಡುವ ಹೊತ್ತಿನಲ್ಲೂ ಪರಸ್ಪರರ ಉಪಕಾರವನ್ನು ಮರೆಯಬಾರದೆಂದು ಕುರ್‌ಆನ್ ಅಲ್‌ಬಕರಾ ಅಧ್ಯಾಯದಲ್ಲಿ ಆದೇಶಿಸಿರುವಾಗ, ಒಟ್ಟಿಗೆ ಬಾಳುವವರ ಹೊಣೆ ಎಷ್ಟು ದೊಡ್ಡದು!

ನಿಮ್ಮವರು ಈಗಾಗಲೇ ಅಗಲಿ ಹೋಗಿದ್ದರೆ ನಿರಾಶರಾಗಬೇಡಿರಿ. ಅವರ ಗೆಳತಿಯರು, ಒಡಹುಟ್ಟಿದವರು ಇದ್ದಾರೆ. ಅವರ ಬಾಗಿಲಿಗೆ ಒಂದು ಪಾಲು ಕಳುಹಿಸಿರಿ. ಅವರ ಒಳಿತನ್ನು ಮಕ್ಕಳ ಮುಂದೆ ಹೇಳಿರಿ. ಅವರಿಗಾಗಿ ಪ್ರಾರ್ಥಿಸಿರಿ. ಮಕ್ಕಾ ವಿಜಯದಂದು, ಕ್ರಿ.ಶ. 630ರಲ್ಲಿ, ಪ್ರವಾದಿವರ್ಯರು(ಸ) ಧ್ವಜ ನೆಡಲು ಹೇಳಿದ ಸ್ಥಳ ಹಜೂನ್. ಹನ್ನೊಂದು ವರ್ಷಗಳ ಹಿಂದೆ, ಮಕ್ಕಾದಲ್ಲಿ ಬೆಂಬಲಿಗರೇ ವಿರಳವಾಗಿದ್ದಾಗ, ಖದೀಜಾ(ರ)ರನ್ನು ಮಣ್ಣು ಮಾಡಿದ ಪ್ರದೇಶವೂ ಅದೇ. ಜಗತ್ತು ನಂಬದಿದ್ದಾಗ ನಂಬಿದವರ ನೆರೆಯಲ್ಲಿ ಆ ವಿಜಯದ ಧ್ವಜ ಹಾರಿತು.

ಆದರೆ ನಿಮ್ಮವರು ಇನ್ನೂ ನಿಮ್ಮೊಂದಿಗಿದ್ದರೆ, ಈ ಪತ್ರಿಕೆಯನ್ನು ಮಡಚಿಟ್ಟು ಎದ್ದು ಹೋಗಿ ಹೇಳಿಬಿಡಿರಿ. ಏನನ್ನು ಒಡೆದು ಹಾಕಿ ಬಂದಿರಿ ಎಂದು ಅವರು ಕೇಳಬಹುದು. ಕೇಳಲಿ. ನಾಳೆಯೂ ಹೇಳಿರಿ. ಕೆಲವು ದಿನಗಳಲ್ಲಿ ಆ ಪ್ರಶ್ನೆ ನಿಂತುಹೋಗುತ್ತದೆ.

ಅಲ್ಲಾಹನು ನಮ್ಮನ್ನು ತನಗೂ ತನ್ನ ದಾಸರಿಗೂ ಕೃತಜ್ಞರಾಗಿರುವವರ ಸಾಲಿಗೆ ಸೇರಿಸಲಿ. ನಮ್ಮ ಮನೆಗಳನ್ನು ಒಳಿತನ್ನು ಮರೆಯದ ಮನೆಗಳನ್ನಾಗಿ ಮಾಡಲಿ. ಆಮೀನ್.